ಎರೆನಾಡಿನ ಕಪಾಟಿನಲ್ಲಿ ಯುದ್ಧನೌಕೆ

1966ರ ಜನವರಿ 26ರಂದು ಅಂಚೆ ಇಲಾಖೆ 15 ಪೈಸೆಯ ಎರಡು ಚೀಟಿಗಳನ್ನು ಹೊರತಂದಿತು. ಒಂದು, ಹದಿನೈದೇ ದಿನ ಹಿಂದೆ ತಾಷ್ಕೆಂಟಿನಲ್ಲಿ ತೀರಿಕೊಂಡಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರ ನೆನಪಿನದು, ಕಪ್ಪು ಬಣ್ಣದ್ದು. ಇನ್ನೊಂದು, 1965ರ ಯುದ್ಧದಲ್ಲಿ ಕಾದಾಡಿದ ಪಡೆಗಳದ್ದು. ಅದರಲ್ಲಿ ಒಬ್ಬ ಯೋಧ, ಒಂದು ಜೆಟ್ ವಿಮಾನ, ಒಂದು ಯುದ್ಧನೌಕೆ ಇವೆ. ಬರಿಗಣ್ಣಿಗೆ ಯೋಧನೇ ದೊಡ್ಡದಾಗಿ ಕಾಣುತ್ತಾನೆ. ಭೂತಗನ್ನಡಿ ಹಿಡಿದರೆ ಮಾತ್ರ ನೌಕೆಯ ಕಡೆ ಗಮನ ಹೋಗುತ್ತದೆ. ಚೀಟಿಯ ಮೇಲೆ ಅದರ ಹೆಸರಿಲ್ಲ, ಆದರೆ ಅಂಚೆಚೀಟಿ ಕ್ಯಾಟಲಾಗುಗಳು ಅದನ್ನು ಐಎನ್‌ಎಸ್ ಮೈಸೂರು ಎಂದೇ ಗುರುತಿಸುತ್ತವೆ. ನನ್ನ ಸಂಗ್ರಹದಲ್ಲಿ ಇದಕ್ಕಿಂತ ಅಗ್ಗದ ವಸ್ತು ಇನ್ನೊಂದಿಲ್ಲ. ಯಾರಾದರೂ ನೋಡಬೇಕೆಂದರೆ ನಾನು ಮೊದಲು ಕೈಗೆ ಕೊಡುವುದು ಮಾತ್ರ ಇದನ್ನೇ.

ನಮ್ಮದು ನವಲಗುಂದ ತಾಲ್ಲೂಕಿನ ತಿರ್ಲಾಪುರ. ಕಣ್ಣು ಹಾಯುವಷ್ಟು ದೂರ ಕರಿ ಎರೆಹೊಲ, ಹತ್ತಿ, ಕಡಲೆ, ಬಿಳಿಜೋಳ. ಮಳೆಗಾಲದಲ್ಲಿ ಬೆಣ್ಣಿಹಳ್ಳ ಉಕ್ಕಿದಾಗ ಕಾಣುವುದೇ ಈ ಸೀಮೆಯವರಿಗೆ ದೊಡ್ಡ ನೀರು. ನೀರಿಗಾಗಿ ಹೋರಾಟ ಎಂದರೆ ಇಲ್ಲಿಯವರಿಗೆ ನೆನಪಾಗುವುದು 1980ರ ರೈತ ಬಂಡಾಯ, ಮಲಪ್ರಭೆಯ ಕಾಲುವೆ, ಈಗ ಮಹದಾಯಿ. ಇಂಥಲ್ಲಿ ಹಳೆಯ ಯುದ್ಧನೌಕೆಗಳ ಚಿತ್ರ ಕೂಡಿಹಾಕುವವನನ್ನು ಜನ ವಿಚಿತ್ರವಾಗಿ ನೋಡುವುದು ಸಹಜ. “ಹಳ್ಳದಾಗ ನಾವಿ ಇಲ್ಲದ ಊರಾಗ ಹಡಗದ ಚಿತ್ರ ತಗೊಂಡು ಏನ್ ಮಾಡ್ತೀರಿ ಮಾಸ್ತರ?” ಎಂದು ಓಣಿಯ ಹಿರಿಯರೊಬ್ಬರು ಕೇಳಿದ್ದುಂಟು. ಈ ಬರಹ ಅವರಿಗೆ ಕೊಡಬೇಕಾದ ಉತ್ತರವೇ ಎನ್ನಿ.

ಮೊದಲ ಕಾರಣ ಆ ಮೈಸೂರು ನೌಕೆಯೇ. ಅದಕ್ಕೆ ಎರಡು ಜನ್ಮ. ಮೊದಲ ಜನ್ಮದಲ್ಲಿ ಅದು ಬ್ರಿಟಿಷ್ ನೌಕಾಪಡೆಯ ಎಚ್‌ಎಂಎಸ್ ನೈಜೀರಿಯಾ. ಎರಡನೇ ಮಹಾಯುದ್ಧದಲ್ಲಿ ಉತ್ತರದ ಹಿಮಗಡಲಿನಿಂದ ಮೆಡಿಟರೇನಿಯನ್‌ವರೆಗೆ ಓಡಾಡಿದ ಕ್ರೂಸರ್. 1942ರ ಆಗಸ್ಟ್‌ನಲ್ಲಿ ಮಾಲ್ಟಾ ದ್ವೀಪ ಹಸಿವಿನಿಂದ ಕಂಗೆಟ್ಟಿತ್ತು. ಅಲ್ಲಿಗೆ ಧಾನ್ಯ, ಎಣ್ಣೆ, ಮದ್ದುಗುಂಡು ಮುಟ್ಟಿಸಲು ಹೊರಟ ಹಡಗುಗಳ ಸಾಲಿಗೆ ಕಾವಲಾಗಿ ಹೋದ ನೌಕೆಗಳಲ್ಲಿ ಇದೂ ಇತ್ತು. ಆಪರೇಷನ್ ಪೆಡೆಸ್ಟಲ್ ಎಂದು ಆ ಪಯಣಕ್ಕೆ ಹೆಸರು. ಆಗಸ್ಟ್ 12ರಂದು ಇಟಲಿಯ ಆಕ್ಸಮ್ ಎಂಬ ಜಲಾಂತರ್ಗಾಮಿ ಒಂದೇ ಸರತಿಯಲ್ಲಿ ಬಿಟ್ಟ ಟಾರ್ಪೆಡೋಗಳು ನೈಜೀರಿಯಾ, ಕೈರೋ ಎಂಬ ಕ್ರೂಸರ್, ಓಹಾಯೋ ಎಂಬ ಎಣ್ಣೆ ಹಡಗು, ಈ ಮೂರಕ್ಕೂ ಬಡಿದವು. ಕೈರೋ ಹೋಯಿತು. ನೈಜೀರಿಯಾದಲ್ಲಿ 52 ಮಂದಿ ಸತ್ತರು. ನೌಕೆ ಮಾತ್ರ ಹೇಗೋ ಜಿಬ್ರಾಲ್ಟರ್ ಮುಟ್ಟಿ ಉಳಿದುಕೊಂಡಿತು.

1954ರಲ್ಲಿ ಭಾರತ ಅದನ್ನು ಕೊಂಡಿತು. 1957ರ ಆಗಸ್ಟ್ 29ರಂದು ಅದು ಐಎನ್‌ಎಸ್ ಮೈಸೂರು ಆಯಿತು. ಗಂಡಭೇರುಂಡ ಅದರ ಲಾಂಛನ. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಂದಾಳು ನೌಕೆ ಅದೇ. 1985ರಲ್ಲಿ ಸೇವೆ ಮುಗಿಸಿತು. ಇವತ್ತು ಹೋಗಿ ನೋಡುತ್ತೇನೆಂದರೆ ಆ ನೌಕೆ ಎಲ್ಲೂ ಇಲ್ಲ. ಉಳಿದಿರುವುದು ಕಾಗದದ ಮೇಲಿನ ಮೈಸೂರು ಮಾತ್ರ.

ಸಂಗ್ರಹಕಾರನಿಗೆ ಈ ಎರಡು ಜನ್ಮಗಳೇ ದಾರಿ ತೋರಿಸುತ್ತವೆ. ಮೈಸೂರು ಎಂಬ ಹೆಸರಿನಲ್ಲಿ ಹುಡುಕಿದರೆ ಸಿಗುವುದು ಅರ್ಧ ಕಥೆ. ಉಳಿದರ್ಧ ಇಂಗ್ಲೆಂಡಿನ ಹಳೆಯ ವಾರಪತ್ರಿಕೆಗಳ ಪುಟಗಳಲ್ಲಿ, ಪತ್ರಿಕೆಗಳಿಗೆ ಕಳಿಸಿದ ಫೋಟೋ ಪ್ರತಿಗಳಲ್ಲಿ, ಪೋಸ್ಟ್‌ಕಾರ್ಡುಗಳಲ್ಲಿ ನೈಜೀರಿಯಾ ಹೆಸರಿನಲ್ಲಿದೆ. ಚಿತ್ರದಲ್ಲಿ ಕಾಲ ಗುರುತಿಸುವುದೂ ಕಷ್ಟವಲ್ಲ. ಮಹಾಯುದ್ಧಕ್ಕೆ ಇಳಿದಾಗ ಅದಕ್ಕೆ ತೋಪುಗಳನ್ನು ಮೂರು ಮೂರಾಗಿ ಕೂರಿಸಿದ ತಿರುಗುಗೋಪುರಗಳು ನಾಲ್ಕು, ಮುಂದೆ ಎರಡು, ಹಿಂದೆ ಎರಡು. ಒಟ್ಟು ಹನ್ನೆರಡು ತೋಪು. ಆಮೇಲೆ ಹಿಂದಿನದರಲ್ಲಿ ಒಂದನ್ನು ಕಿತ್ತರು. ಹಾಗಾಗಿ ಮೈಸೂರಿಗೆ ಒಂಬತ್ತೇ. ಮಸುಕಾದ ಚಿತ್ರವನ್ನೂ ಬೆಳಕಿಗೆ ಹಿಡಿದು ಹಿಂಬದಿಯ ಗೋಪುರ ಎಣಿಸಿದರೆ, ಇದು ಯಾವ ಜನ್ಮದ್ದು ಎಂದು ಹೇಳಬಹುದು. 1999ರಲ್ಲಿ ನೌಕಾಪಡೆಗೆ ಸೇರಿದ ಇದೇ ಹೆಸರಿನ ಹೊಸ ಡೆಸ್ಟ್ರಾಯರ್ ಚಿತ್ರವನ್ನು ‘1971ರ ಮೈಸೂರು’ ಎಂದು ಮಾರುವವರಿದ್ದಾರೆ. ಎರಡು ನೆಟ್ಟನೆ ಚಿಮಣಿ, ಸಾಲು ತೋಪು ಕಾಣದಿದ್ದರೆ ಹಣ ಕೊಡಬೇಡಿ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನಲ್ಲಿ ಇಂಥ ಚಿತ್ರಗಳು ಮನೆಮನೆಗೆ ಹೋದದ್ದು ಸುಮ್ಮನೆ ಅಲ್ಲ. ಸೈನ್ಯಕ್ಕೆ ಹುಡುಗರು ಬೇಕಿತ್ತು, ಯುದ್ಧನಿಧಿಗೆ ದುಡ್ಡು ಬೇಕಿತ್ತು. ಸಿಗರೇಟು ಪ್ಯಾಕೆಟ್ಟಿನೊಳಗೆ ಯುದ್ಧನೌಕೆಗಳ, ಪದಕ ಗೆದ್ದವರ ಪುಟ್ಟ ಬಣ್ಣದ ಕಾರ್ಡುಗಳು ಬರುತ್ತಿದ್ದವು. ಪತ್ರಿಕೆಗಳು ಕಟ್ಟು ಹಾಕಿಸಲೆಂದೇ ದೊಡ್ಡ ಚಿತ್ರ ಕೊಡುತ್ತಿದ್ದವು. ಈ ಪೈಕಿ ಎಲ್ಲಕ್ಕಿಂತ ಹೆಚ್ಚು ಹೆಸರು ಮಾಡಿದ್ದು ಜಾಕ್ ಕಾರ್ನ್‌ವೆಲ್ ಎಂಬ ಹದಿನಾರು ವರ್ಷದ ಹುಡುಗನ ಚಿತ್ರ. 1916ರ ಮೇ 31ರಂದು ಜಟ್‌ಲ್ಯಾಂಡ್ ಕಾಳಗದಲ್ಲಿ ಅವನು ಎಚ್‌ಎಂಎಸ್ ಚೆಸ್ಟರ್ ನೌಕೆಯ ತೋಪೊಂದರ ಬಳಿ ಇದ್ದ. ಸುತ್ತಲಿದ್ದವರು ಸತ್ತು ಬಿದ್ದರು, ಗಾಯಗೊಂಡು ಬಿದ್ದರು. ತನಗೂ ಮಾರಣಾಂತಿಕ ಗಾಯವಾಗಿತ್ತು. ಅಪ್ಪಣೆಗೆ ಕಾಯುತ್ತ ತೋಪಿನ ಪಕ್ಕದಲ್ಲೇ ನಿಂತುಕೊಂಡಿದ್ದ. ಜೂನ್ 2ರಂದು ಗ್ರಿಮ್ಸ್‌ಬಿಯ ಆಸ್ಪತ್ರೆಯಲ್ಲಿ ತೀರಿಕೊಂಡ.

ಮುಂದಿನದು ಆ ಚಿತ್ರದಲ್ಲಿಲ್ಲ. ಬಡವರ ಮನೆಯ ಹುಡುಗ, ಅವನನ್ನು ಹಲವರ ಜತೆ ಒಂದೇ ಗೋರಿಯಲ್ಲಿ ಹೂತರು. ಪತ್ರಿಕೆಗಳು ಬೊಬ್ಬೆಯಿಟ್ಟ ಮೇಲೆ ಹೊರತೆಗೆದು ಜುಲೈ ಕೊನೆಯಲ್ಲಿ ರಾಜಮರ್ಯಾದೆಯಿಂದ ಮತ್ತೆ ಹೂತರು. ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು. ಫ್ರಾಂಕ್ ಸಾಲ್ಸ್‌ಬರಿ ಎಂಬ ಕಲಾವಿದ ಚಿತ್ರ ಬರೆಯುವಾಗ, ಸತ್ತ ಹುಡುಗನ ಬದಲಿಗೆ ಅವನ ಸಹೋದರನನ್ನು ನಿಲ್ಲಿಸಿ ಬರೆದ. ಅದರ ಅಚ್ಚುಪ್ರತಿಗಳು ಇಂಗ್ಲೆಂಡಿನ ಶಾಲೆಗಳ ಗೋಡೆ ಸೇರಿದವು. ಅವನ ಹೆಸರಿನಲ್ಲಿ ಒಂದು ದಿನವನ್ನೇ ಗೊತ್ತುಮಾಡಿ ಶಾಲಾಮಕ್ಕಳಿಂದ ಪೆನ್ನಿ ಪೆನ್ನಿ ಕೂಡಿಸಿದರು. ಆ ಅಚ್ಚುಪ್ರತಿ ಇಂದಿಗೂ ಹಳೆಯ ಚಿತ್ರಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ. ಚಂದದ ಚಿತ್ರವೇ. ಆದರೆ ಹೊಗೆ, ಬೆಂಕಿ, ಧೈರ್ಯದ ಮುಖ ಇದ್ದರೂ ಮೊದಲ ಗೋರಿಯ ಸಂಗತಿ ಅದರಲ್ಲಿ ಬರಲಿಲ್ಲ. ಅದನ್ನು ತಿಳಿಯದೆ ಚಿತ್ರ ಗೋಡೆಗೆ ಹಾಕಿದವನು ಅರ್ಧ ಚಿತ್ರವನ್ನಷ್ಟೇ ಕೊಂಡ ಹಾಗೆ ಎಂದು ನನ್ನ ಖಚಿತ ಅಭಿಪ್ರಾಯ.

ನಮ್ಮವರದೂ ಇಂಥದೇ ಒಂದು ಕಥೆ ಇದೆ, ಅದು ಅಷ್ಟು ಗೋಡೆ ಹತ್ತಲಿಲ್ಲ. 1942ರ ನವೆಂಬರ್ 11ರಂದು ಆಸ್ಟ್ರೇಲಿಯಾದ ಕಡೆಯಿಂದ ಹಿಂದೂ ಮಹಾಸಾಗರ ದಾಟಿ ಬರುತ್ತಿದ್ದ ಎಚ್‌ಎಂಐಎಸ್ ಬೆಂಗಾಲ್ ಎಂಬ ಪುಟ್ಟ ನೌಕೆ, ಓಂಡಿನಾ ಎಂಬ ಡಚ್ ಎಣ್ಣೆ ಹಡಗಿಗೆ ಜತೆಯಾಗಿತ್ತು. ಸಮುದ್ರದಲ್ಲಿ ಹಾಕಿಟ್ಟ ಸಿಡಿಮದ್ದು ತೆಗೆಯುವುದು ಬೆಂಗಾಲ್‌ನ ಕೆಲಸ, ಕಾದಾಟದ್ದಲ್ಲ. ಎದುರಿಗೆ ಬಂದವು ಜಪಾನಿನ ಹೊಕೊಕು ಮಾರು, ಐಕೊಕು ಮಾರು ಎಂಬ ಎರಡು ದಾಳಿನೌಕೆಗಳು. ಗಾತ್ರದಲ್ಲೂ ತೋಪಿನಲ್ಲೂ ಬೆಂಗಾಲ್‌ಗಿಂತ ಎಷ್ಟೋ ಪಾಲು ದೊಡ್ಡವು. ಬೆಂಗಾಲ್ ಓಡಲಿಲ್ಲ, ಎದುರಿಗೇ ನುಗ್ಗಿತು. ಓಂಡಿನಾ ಕೂಡ ತನ್ನ ಒಂದೇ ತೋಪಿನಿಂದ ಹೊಡೆಯಿತು. ಹೊಕೊಕು ಮಾರು ಹೊತ್ತಿಕೊಂಡು ಮುಳುಗಿತು. ಎರಡೂ ಹಡಗು ಜೀವ ಉಳಿಸಿಕೊಂಡು ದಡ ಸೇರಿದವು. ಬೆಂಗಾಲ್‌ನ ನಾವಿಕರಲ್ಲಿ ಹೆಚ್ಚಿನವರು ಈ ದೇಶದ ಹಳ್ಳಿಗಳಿಂದ ಹೋದವರು. ಅವರ ಮುಖ ಕಾಣುವ ಯುದ್ಧಕಾಲದ ಚಿತ್ರ ನನ್ನ ಕೈಗೆ ಇನ್ನೂ ಬಂದಿಲ್ಲ.

ಇಷ್ಟು ಚಿತ್ರ ಮುಂದೆ ಹರಡಿಕೊಂಡು ಕೂತಾಗ ನನಗೆ ಎದ್ದು ಕಾಣುವ ಕೊರತೆ ಒಂದೇ. ಅಚ್ಚಾದ ಚಿತ್ರ ಗೆದ್ದ ನೌಕೆಯನ್ನು ತೋರಿಸುತ್ತದೆ, ಸತ್ತ ಮನುಷ್ಯನನ್ನು ಮರೆಸುತ್ತದೆ. ಇದು ನಮ್ಮ ಕಣ್ಣಿಗೆ ಒಗ್ಗುವುದಿಲ್ಲ, ಏಕೆಂದರೆ ನಾವು ವೀರಗಲ್ಲಿನ ನಾಡಿನವರು. ಹನುಮಪ್ಪನ ಗುಡಿ ಮುಂದೆಯೋ ಕೆರೆ ಏರಿಯ ಮೇಲೋ ಒರಗಿ ನಿಂತ ವೀರಗಲ್ಲು ಧಾರವಾಡ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ವೀರನನ್ನು ಕೈಹಿಡಿದು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ಅದೇ ವೀರ, ತುದಿಗೆ ಸೂರ್ಯ ಚಂದ್ರ. ಗೆದ್ದ ಅರಸನಿಗೆ ಪ್ರಶಸ್ತಿ ಬೇರೆ ಕಡೆ ಇರುತ್ತದೆ. ಈ ಕಲ್ಲು ಸತ್ತವನದು. ಊರ ದನ ಬಿಡಿಸಲು ಹೋಗಿ ಸತ್ತ ಸಾಮಾನ್ಯನಿಗೂ ಇಲ್ಲಿ ಕಲ್ಲುಂಟು.

ಈ ಕಲ್ಲುಗಳಲ್ಲಿ ಹಡಗಿನವೂ ಇವೆ. ಮುಂಬೈನ ಬೋರಿವಲಿಯ ಏಕ್ಸರ್‌ನಲ್ಲಿ ನಿಂತ ವೀರಗಲ್ಲುಗಳ ಮೇಲೆ ಸಾಲು ಹುಟ್ಟುಗಳ ಹಡಗುಗಳು ಎದುರು ಬದುರಾಗಿ ಕಾದಾಡುತ್ತವೆ. 13ನೇ ಶತಮಾನದಲ್ಲಿ ಕೊಂಕಣದ ಶಿಲಾಹಾರ ಸೋಮೇಶ್ವರನಿಗೂ ಸೇವುಣರ ಮಹಾದೇವನಿಗೂ ನಡೆದ ಕಡಲಕಾಳಗ ಅದು ಎಂದು ಹಲವು ವಿದ್ವಾಂಸರ ಎಣಿಕೆ. ಹಳೆಗೋವಾದ ವಸ್ತುಸಂಗ್ರಹಾಲಯದಲ್ಲಿ ಕದಂಬರ ಕಾಲದ್ದೆನ್ನುವ ಹಡಗಿನ ವೀರಗಲ್ಲಿದೆ. ಆ ಗೋವಾ ಕದಂಬರು ನಮಗೆ ಹೊರಗಿನವರಲ್ಲ. ಧಾರವಾಡದ ಪಕ್ಕದ ನರೇಂದ್ರದಲ್ಲಿ ಸಿಕ್ಕ 1125ರ ಶಾಸನ ಅವರದೇ ವಂಶದ ಚಟ್ಟಯ್ಯದೇವನ ಕಡಲಯಾತ್ರೆಗಳನ್ನು ಬಣ್ಣಿಸುತ್ತದೆ. ಹಡಗುಗಳನ್ನೇ ಸಾಲಾಗಿ ನಿಲ್ಲಿಸಿ ಲಂಕೆಯವರೆಗೆ ಸೇತುವೆ ಕಟ್ಟಿದನೆಂದು ಹೊಗಳುತ್ತದೆ. ಹೊಗಳಿಕೆಯಲ್ಲಿ ಹೆಚ್ಚುಕಡಿಮೆ ಇದ್ದೀತು. ಆದರೆ ನೌಕಾಬಲದ ಮಾತನ್ನು ಸಮುದ್ರದಿಂದ ಇಷ್ಟು ಒಳಗೆ, ಜೋಳ ಬೆಳೆಯುವ ನೆಲದಲ್ಲಿ ಕಲ್ಲಿಗೆ ಕೊರೆಸಿದರಲ್ಲ! ಅದಕ್ಕೂ ಐದು ಶತಮಾನ ಹಿಂದೆ, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ಇಮ್ಮಡಿ ಪುಲಿಕೇಶಿಯ ನೂರಾರು ಹಡಗುಗಳನ್ನು ಮದಗಜಗಳ ಸಾಲಿಗೆ ಹೋಲಿಸಿದ್ದ. ಕಾರವಾರದ ನೌಕಾನೆಲೆಗೆ 2005ರಲ್ಲಿ ಐಎನ್‌ಎಸ್ ಕದಂಬ ಎಂದು ಹೆಸರಿಟ್ಟದ್ದರ ಹಿಂದೆ ಇಷ್ಟೆಲ್ಲ ಇದೆ.

ಕಲ್ಲಿನದೂ ಅಚ್ಚಿನದೂ ಒಂದಾಗುವ ಜಾಗ ಪಡಿಯಚ್ಚು. ಶಾಸನ ಓದುವವರು ಅದನ್ನು ತೆಗೆಯುವುದನ್ನು ನೋಡಬೇಕು. ಕಲ್ಲನ್ನು ನೀರು, ಬ್ರಷ್ಷಿನಿಂದ ತಿಕ್ಕಿ ತೊಳೆದು, ಒದ್ದೆ ಕಾಗದವನ್ನು ಅದರ ಮೈಗೆ ಹಚ್ಚುತ್ತಾರೆ. ಗಟ್ಟಿ ಬ್ರಷ್ಷಿನಿಂದ ಮೇಲಿಂದ ಕೆಳಗೆ ಬಡಿಯುತ್ತ ಬಂದರೆ ಕಾಗದ ಅಕ್ಷರದ ತಗ್ಗಿಗೆಲ್ಲ ಇಳಿದು ಕೂರುತ್ತದೆ. ಅರೆ ಒಣಗಿದ ಮೇಲೆ ಮಸಿಯ ಚೆಂಡನ್ನು ಹಗುರಾಗಿ ತಟ್ಟುತ್ತಾರೆ. ಉಬ್ಬಿದ ಕಡೆಗೆಲ್ಲ ಕರಿ ಹತ್ತಿ, ಕೊರೆದದ್ದು ಬೆಳ್ಳಗೆ ಮೂಡುತ್ತದೆ. ಕಾಗದ ಬಿಡಿಸುವಾಗ ಬರುವ ಚರ್ ಎಂಬ ಸದ್ದಿಗೆ ಸುತ್ತ ನಿಂತವರೆಲ್ಲ ಉಸಿರು ಹಿಡಿಯುತ್ತಾರೆ. ಹಡಗಿನ ವೀರಗಲ್ಲಿನ ಹಳೆಯ ಪಡಿಯಚ್ಚಿಗಿಂತ ಹೆಚ್ಚಿನ ಯುದ್ಧಚಿತ್ರ ನನ್ನ ಲೆಕ್ಕದಲ್ಲಿ ಬೇರೆ ಇಲ್ಲ. ಕಾಗದ ಆ ಕಲ್ಲಿನ ಮೈ ಮುಟ್ಟಿ ಬಂದಿರುತ್ತದೆ. ಸಂರಕ್ಷಿತ ಸ್ಮಾರಕಗಳ ಕಲ್ಲಿಗೆ ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಯಾರೂ ಕೈಹಚ್ಚಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈ ವೀರಗಲ್ಲಿನ ಕಣ್ಣಿನಿಂದ 1971ರ ಚಿತ್ರಗಳನ್ನು ನೋಡಿದರೆ ಅವುಗಳ ತೂಕ ಬದಲಾಗುತ್ತದೆ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕಿಲ್ಟನ್, ಕಚ್ಚಾಲ್ ನೌಕೆಗಳ ಜತೆ ಕರಾಚಿಯ ಬಾಗಿಲಿಗೇ ಹೋಗಿ ಹೊಡೆದವು. ನಿರ್ಘಾತ್ ಬಿಟ್ಟ ಕ್ಷಿಪಣಿಗಳಿಗೆ ಖೈಬರ್ ಎಂಬ ಡೆಸ್ಟ್ರಾಯರ್ ಮುಳುಗಿತು. ಅದುವರೆಗೆ ಡಿಸೆಂಬರ್ 15ಕ್ಕೆ ಆಚರಿಸುತ್ತಿದ್ದ ನೌಕಾಪಡೆ ದಿನ ಅಲ್ಲಿಂದ ಡಿಸೆಂಬರ್ 4ಕ್ಕೆ ಬಂತು. ನಾಲ್ಕು ದಿನದ ಮೇಲೆ ವಿನಾಶ್ ಎಂಬ ದೋಣಿ ಮತ್ತೆ ಹೋಗಿ ಕೇಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಕತ್ತಲಲ್ಲಿ, ಬಹಳ ದೂರದಿಂದ ನಡೆದ ದಾಳಿ ಇದು. ಆದ್ದರಿಂದ ಕ್ಷಿಪಣಿ ಹಾರಿ ಕರಾಚಿ ಉರಿಯುವ ಬಣ್ಣದ ಚಿತ್ರಗಳೆಲ್ಲ ಬಹುಮಟ್ಟಿಗೆ ಕಲಾವಿದರ ಕಲ್ಪನೆ. ಹಾಗೆಂದು ಅವಕ್ಕೆ ಬೆಲೆಯಿಲ್ಲವೆಂದಲ್ಲ. ಆದರೆ ಫೋಟೋ ಎಂದು ಹೇಳಿ ಮಾರಿದರೆ ನಂಬಬಾರದು.

ಅದೇ ವಾರದ ಇನ್ನೊಂದು ರಾತ್ರಿಯ ಚಿತ್ರವೇ ನನ್ನ ಮಟ್ಟಿಗೆ ದೊಡ್ಡದು. ಡಿಸೆಂಬರ್ 9ರಂದು ದೀವ್ ಸಮೀಪ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ತಮ್ಮ ಜೀವರಕ್ಷಕ ಜಾಕೆಟ್ಟನ್ನು ನಾವಿಕನೊಬ್ಬನಿಗೆ ಕೊಟ್ಟು, ಆದಷ್ಟು ಜನರನ್ನು ನೀರಿಗಿಳಿಸಿ, ತಾವು ನೌಕೆಯೊಂದಿಗೇ ಹೋದರು. ಅವರಿಗೆ ಮಹಾವೀರ ಚಕ್ರ ಸಂದಿತು. 2000ರಲ್ಲಿ ಅವರ ಅಂಚೆಚೀಟಿಯೂ ಬಂತು. ಮುಳುಗುವ ನೌಕೆಯ ಮೇಲೆ ಶಾಂತವಾಗಿ ಕೂತ ಕ್ಯಾಪ್ಟನ್ ಚಿತ್ರವನ್ನು ಹಲವರು ಬರೆದಿದ್ದಾರೆ, ಅದು ಬರೆಯಬೇಕಾದ ಚಿತ್ರವೇ. ಅವರ ಜತೆ ಆ ರಾತ್ರಿ ಹೋದವರು ಒಟ್ಟು 18 ಅಧಿಕಾರಿಗಳು, 176 ನಾವಿಕರು. ಎಂಜಿನ್ ಕೋಣೆಯಲ್ಲಿದ್ದವರು, ಅಡುಗೆಮನೆಯಲ್ಲಿದ್ದವರು, ರೇಡಿಯೋ ಮುಂದೆ ಕೂತವರು. ದೀವ್‌ನ ಸ್ಮಾರಕದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಖುಕ್ರಿಯ ಮಾದರಿಯನ್ನು ಸಮುದ್ರಕ್ಕೆ ಎದುರಾಗಿ ಇಟ್ಟಿದ್ದಾರೆ. ಮುಲ್ಲಾ ಅವರ ಚೀಟಿ ಇರುವ ಪುಟದಲ್ಲಿ ಪಕ್ಕಕ್ಕೆ ನಾನು ಈ ಎರಡೂ ಸಂಖ್ಯೆಗಳನ್ನು ಬರೆದಿಟ್ಟಿದ್ದೇನೆ.

ಚಿತ್ರದ ಕೆಳಗಿನ ಬರಹದ ಬಗ್ಗೆ ನಾನು ಇಷ್ಟು ಪಟ್ಟು ಹಿಡಿಯಲು ಕಾರವಾರವೂ ಒಂದು ಕಾರಣ. ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ಎಂಬ ಕ್ಷಿಪಣಿ ದೋಣಿಯನ್ನು 2006ರಿಂದ ಸಂಗ್ರಹಾಲಯ ಮಾಡಿ ನಿಲ್ಲಿಸಿದ್ದಾರೆ. ಹುಬ್ಬಳ್ಳಿ, ಧಾರವಾಡದ ಶಾಲಾ ಪ್ರವಾಸಗಳೆಲ್ಲ ಅದನ್ನು ಹತ್ತಿ ಇಳಿದೇ ಬರುತ್ತವೆ. 1971ರಲ್ಲಿ ಕರಾಚಿಯ ಮೇಲೆ ಹೋದದ್ದು ಇದೇ ಎಂದು ಮಕ್ಕಳು ಹೇಳುತ್ತಾರೆ, ದೊಡ್ಡವರೂ ಹೇಳುತ್ತಾರೆ, ಬರಹಗಳಲ್ಲೂ ಹಾಗೇ ಬಂದಿದೆ. ಆದರೆ ಚಪಲ್ ಸೇವೆಗೆ ಸೇರಿದ್ದು 1976ರಲ್ಲಿ. ಕರಾಚಿಗೆ ಹೋದ ದೋಣಿಗಳ ನಂತರದ ಪೀಳಿಗೆಯದು, ಅದೇ ವಂಶದ್ದು. 2005ರವರೆಗೆ ಕಡಲು ಕಾದ ಅದರ ಸೇವೆಗೆ ಅದರದೇ ಗೌರವವಿದೆ. ನಿಪಾತ್, ನಿರ್ಘಾತ್‌ಗಳ ಪಾಲಿನ ಗೌರವವನ್ನು ತೆಗೆದು ಇದಕ್ಕೆ ಹಾಕಿದರೆ ಎರಡಕ್ಕೂ ಅನ್ಯಾಯ. ಚಪಲ್ ಚಿತ್ರ ಇಟ್ಟುಕೊಂಡವರು ದಯವಿಟ್ಟು ಕೆಳಗೆ 1976 ಎಂದು ಬರೆಯಿರಿ.

ಕಾರವಾರದಲ್ಲಿ ನಿಂತವರಿಗೆ ತೋರಿಸಬೇಕಾದ ನಿಜವಾದ ಕಾಳಗ ಬೇರೆಯೇ ಇದೆ, ಅದೂ ಕೈಯಳತೆಯಲ್ಲಿ. ತೀರದಾಚೆಯ ಅಂಜದೀವ್ ದ್ವೀಪ ಆಗ ಪೋರ್ಚುಗೀಸರ ವಶದಲ್ಲಿತ್ತು. 1961ರ ಡಿಸೆಂಬರ್ 18ರಂದು, ಗೋವಾ ಬಿಡುಗಡೆಯ ಕಾರ್ಯಾಚರಣೆಯ ಭಾಗವಾಗಿ, ಐಎನ್‌ಎಸ್ ತ್ರಿಶೂಲದ ನಾವಿಕರು ದೋಣಿಗಳಲ್ಲಿ ಹೋಗಿ ಆ ದ್ವೀಪಕ್ಕೆ ಇಳಿದರು. ಬೆಂಬಲಕ್ಕೆ ನಿಂತದ್ದು ಇದೇ ಐಎನ್‌ಎಸ್ ಮೈಸೂರು. ದಡದಿಂದ ಗುಂಡಿನ ಮಳೆ ಬಂತು. ಏಳು ಮಂದಿ ನೌಕಾಪಡೆಯವರು ಸತ್ತರು. ಕನ್ನಡ ಕರಾವಳಿಗೆ ಮುಖ ಮಾಡಿದ ದ್ವೀಪ, ಕನ್ನಡನಾಡಿನ ಹೆಸರಿನ ನೌಕೆ, ಏಳು ಜೀವ. ಇದರ ಒಂದು ಚಿತ್ರವೂ ನಮ್ಮ ಮನೆಗಳ ಗೋಡೆಗೆ ಬರಲಿಲ್ಲವಲ್ಲ ಎಂಬ ಸಂಕಟ ನನಗೆ ಇದ್ದೇ ಇದೆ. ಕರಾಚಿಯ ಬೆಂಕಿಯ ಮುಂದೆ ಅಂಜದೀವ್ ಚಿಕ್ಕದಾಗಿ ಕಂಡಿರಬೇಕು. ವೀರಗಲ್ಲು ನಿಲ್ಲಿಸುತ್ತಿದ್ದ ಕಾಲವಾಗಿದ್ದರೆ ಆ ತೀರದಲ್ಲಿ ಏಳು ಕಲ್ಲು ಏಳುತ್ತಿದ್ದವು.

ಈ ಹವ್ಯಾಸಕ್ಕೆ ಇಳಿಯುವವರಿಗೆ ಕೆಲವು ಮಾತು. ಚಿತ್ರವನ್ನು ಮೊದಲು ಭೂತಗನ್ನಡಿಯಲ್ಲಿ ನೋಡಿ. ನಿಜವಾದ ಫೋಟೋದಲ್ಲಿ ಚುಕ್ಕಿಗಳಿರುವುದಿಲ್ಲ. ಹಳೆಯ ಪತ್ರಿಕೆಯ ಬ್ಲಾಕ್ ಮುದ್ರಣದಲ್ಲಿ ಕರಿ ಚುಕ್ಕಿಗಳ ಸಾಲು ಕಾಣುತ್ತದೆ, ಕಾಗದದ ಬೆನ್ನಿಗೆ ಒಮ್ಮೊಮ್ಮೆ ಒತ್ತು ಮೂಡಿರುತ್ತದೆ. ಕಪ್ಪು ಬಿಳುಪಿನದೆಂದು ಕೊಟ್ಟ ಚಿತ್ರದಲ್ಲಿ ನೀಲಿ, ಹಳದಿ, ಗುಲಾಬಿ ಚುಕ್ಕಿ ಕಂಡರೆ ಅದು ನಿನ್ನೆ ಮೊನ್ನೆ ಮುದ್ರಿಸಿದ್ದು. ಮುಂಭಾಗಕ್ಕಿಂತ ಬೆನ್ನು ಮುಖ್ಯ. ಯುದ್ಧಕಾಲದ ಪತ್ರಿಕಾ ಫೋಟೋಗಳ ಹಿಂದೆ ಏಜೆನ್ಸಿಯ ಮೊಹರು, ಟೈಪ್ ಮಾಡಿ ಅಂಟಿಸಿದ ವಿವರದ ಚೀಟಿ ಇರುತ್ತದೆ. ಆ ಚೀಟಿ ಕಿತ್ತ ಫೋಟೋಕ್ಕೆ ನಾನು ಅರ್ಧ ಬೆಲೆಯನ್ನೂ ಕೊಡುವುದಿಲ್ಲ. ದೊಡ್ಡ ಊರಿನ ವ್ಯಾಪಾರಿಗಳಿಗಿಂತ ಹುಬ್ಬಳ್ಳಿ ಧಾರವಾಡದ ರದ್ದಿ ಅಂಗಡಿಗಳನ್ನು ನಾನು ಹೆಚ್ಚು ನಂಬುತ್ತೇನೆ. ಅಲ್ಲಿ 1971ರ ವಾರಪತ್ರಿಕೆಗಳು ಇನ್ನೂ ಕಟ್ಟುಗಟ್ಟಲೆ ಕಿಲೋ ಲೆಕ್ಕದಲ್ಲಿ ಬರುತ್ತವೆ.

ಕಾಯುವುದು ಕೊಳ್ಳುವುದಕ್ಕಿಂತ ಕಷ್ಟ. ನಮ್ಮ ಮಣ್ಣಿನ ಮಾಳಿಗೆ ಮನೆ ಬೇಸಿಗೆಯಲ್ಲಿ ತಂಪು, ಕಾಗದಕ್ಕೂ ಹಿತ. ಆದರೆ ಜಿಟಿಜಿಟಿ ಮಳೆ ಹಿಡಿದರೆ ಗೋಡೆ ತೇವ ಎಳೆದುಕೊಂಡು ಹಾಳೆಗೆ ಬೂಷ್ಟು ಹಿಡಿಸುತ್ತದೆ. ಗೆದ್ದಲಂತೂ ರಾತ್ರೋರಾತ್ರಿ ಕೆಲಸ ಮುಗಿಸುತ್ತದೆ. ತಗಡಿನ ಟ್ರಂಕನ್ನು ಗೋಡೆಗೆ ತಾಗಿಸದೆ ಇಟ್ಟಿಗೆಯ ಮೇಲಿಡಿ. ಹಾಳೆಗಳನ್ನು ಮಡಚಬೇಡಿ, ಚಪ್ಪಟೆಯಾಗಿ ಮಲಗಿಸಿ. ಚೆನ್ನಾಗಿ ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಮೂಲೆಗಿಡಿ, ಚಿತ್ರಕ್ಕೆ ತಾಗಬಾರದು. ಕಟ್ಟು ಹಾಕಿಸುವಾಗ ಗಾಜು ಚಿತ್ರದ ಮೈಗೆ ಅಂಟದ ಹಾಗೆ ನಡುವೆ ದಪ್ಪ ರಟ್ಟಿನ ಅಂಚು ಬೇಕು. ಸೆಲೋಟೇಪು, ಅಂಟು, ಲ್ಯಾಮಿನೇಷನ್ ಮೂರೂ ಚಿತ್ರದ ಶತ್ರುಗಳು. ಲ್ಯಾಮಿನೇಟ್ ಮಾಡಿದ ಹಳೆಯ ಫೋಟೋವನ್ನು ಮತ್ತೆ ಬಿಡಿಸಲಾಗದು.

ಇನ್ನು ಓಣಿಯ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಈ ಭಾಗದ ಹಳ್ಳಿಗಳಿಂದ ಸೈನ್ಯ ಸೇರಿದವರ ಸಾಲು ದೊಡ್ಡದು, ನೌಕಾಪಡೆಗೆ ಹೋದವರೂ ಅದರಲ್ಲಿದ್ದಾರೆ. ಬಿಳಿ ಸಮವಸ್ತ್ರದಲ್ಲಿ ನಿಂತ ಅಜ್ಜನ, ಕಾಕಾನ, ಮಾವನ ಕಪ್ಪು ಬಿಳುಪು ಫೋಟೋ ನಿಮ್ಮ ಪಡಸಾಲೆಯಲ್ಲೋ ಹಳೆಯ ಟ್ರಂಕಿನಲ್ಲೋ ಇದ್ದರೆ, ಯಾವ ಸಂಗ್ರಹಕಾರನಿಗೂ ಮಾರಬೇಡಿ, ನನಗೂ ಬೇಡ. ಕಟ್ಟಿನಿಂದ ಹೊರತೆಗೆದು ಬೆನ್ನು ನೋಡಿ. ಏನೂ ಬರೆದಿಲ್ಲವಾದರೆ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ, ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಒತ್ತದೆ, ಅಂಚಿನ ಹತ್ತಿರ ಬರೆಯಿರಿ: ಹೆಸರು, ಊರು, ನೌಕೆ, ಇಸವಿ. ಪೆನ್ನು ಬೇಡ, ಅದರ ಮಸಿ ಮುಂದಿನ ಮಳೆಗಾಲದ ಹೊತ್ತಿಗೆ ಮುಖದ ಮೇಲೆ ಮೂಡಿರುತ್ತದೆ.